ನಾಲ್ಕನೇ ಕ್ಲಾಸಿಗೆ ಏಣಿ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ.

ಸರ್ಕಾರಿ ಶಾಲೆಯ ಐದನೇ ಕ್ಲಾಸಿನ ಮಕ್ಕಳಿಗೆ ಎರಡನೇ ಕ್ಲಾಸಿನ ಪಾಠ ಓದಲು ಬರುವುದಿಲ್ಲ ಎಂದು ನಿಮ್ಮ ಪತ್ರಿಕೆಯಲ್ಲಿ ಬಂದದ್ದನ್ನು, ಜೊತೆಗೆ ಹಾಕಿದ ಶಾಲೆಗಳ ರ‍್ಯಾಂಕ್ ಪಟ್ಟಿಯನ್ನು ಓದಿದೆ. ಸುಳ್ಳೇನಲ್ಲ. ನನ್ನ ಮಗಳು ಓದುವುದು ಅಂಥದ್ದೇ ಶಾಲೆಯಲ್ಲಿ, ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರ. ನಾನು ಅಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯೆ, ಮನೆಯಲ್ಲಿ ಹೊಲಿಗೆ ಕೆಲಸ. ಮಕ್ಕಳಿಗೆ ಓದಲು ಬರಲ್ಲ ಅನ್ನುವುದು ಗೊತ್ತು. ಆದರೆ ಶಿಕ್ಷಕರ ಅಸಡ್ಡೆ, ಪೋಷಕರ ಅಜ್ಞಾನ ಅಂತ ಎರಡು ಸಾಲಲ್ಲಿ ಮುಗಿಸಿಬಿಟ್ಟಿದ್ದೀರಲ್ಲ, ಅದಕ್ಕೆ ಈ ಪತ್ರ.

ಮಗಳ ಕ್ಲಾಸಿನಲ್ಲಿ ಇರುವುದು 14 ಮಕ್ಕಳು. ಮನೆಯಲ್ಲಿ ಕನ್ನಡ ಮಾತಾಡುವವರು ಐದೇ ಜನ. ಭಟ್ಟಿ ಕೆಲಸದವರ ಮನೆಯಲ್ಲಿ ಉರ್ದು, ಜಗಳೂರು ಕಡೆಯ ತಾಂಡಾಗಳಿಂದ ಬಂದವರಲ್ಲಿ ಲಂಬಾಣಿ, ಒಂದು ಮನೆಯಲ್ಲಿ ತೆಲುಗು. ಅಂದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಒಂದನೇ ಕ್ಲಾಸಿಗೆ ಬಂದಾಗ 'ಅ' ಕಲಿಯುವ ಮುಂಚೆ ಟೀಚರ್ ಏನು ಹೇಳುತ್ತಿದ್ದಾರೆ ಅನ್ನುವುದನ್ನು ಕಲಿಯಬೇಕು. ಭಟ್ಟಿ ಬೆಳಗಿನ ಜಾವವೇ ಹೊತ್ತಿಕೊಳ್ಳುತ್ತದೆ, ಮನೆಮಂದಿ ಎದ್ದರೆ ಮಗುವೂ ಎದ್ದಂಗೆ. ಅಂಥ ಹುಡುಗ ಬಿಸಿಯೂಟ ಆದ ಮೇಲೆ ತೂಕಡಿಸಿದರೆ ಅವನನ್ನು ದಡ್ಡ ಅನ್ನಬಹುದಾ? ಇನ್ನಿಬ್ಬರು ಪ್ರತಿ ವರ್ಷ ಕಾಫಿ ಕೊಯ್ಲಿಗೆ ಅಪ್ಪ ಅಮ್ಮನ ಜೊತೆ ಚಿಕ್ಕಮಗಳೂರು ಕಡೆಗೆ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಮಕ್ಕಳು ಬರುವುದು ಯುಗಾದಿ ಹೊತ್ತಿಗೆ. 14ರಲ್ಲಿ ಇಬ್ಬರು ಅಂದರೆ ನಿಮ್ಮ ಲೆಕ್ಕದಲ್ಲಿ ಶೇಕಡ 14. ಈ ಇಬ್ಬರಿಂದಲೇ ಒಂದು ಶಾಲೆ ಪಟ್ಟಿಯಲ್ಲಿ ಮೇಲಿಂದ ಕೆಳಗೆ ಬೀಳಬಹುದು.

ನಮ್ಮ ತಪ್ಪೂ ಹೇಳಿಬಿಡುತ್ತೇನೆ. ನನ್ನ ಮಗ ಕಾನ್ವೆಂಟಿಗೆ ಹೋಗುತ್ತಾನೆ. ಇಬ್ಬರಿಗೂ ಫೀಸು ಕಟ್ಟಲು ಆಗಲಿಲ್ಲ, ಅವನನ್ನು ಅಲ್ಲಿಗೆ, ಇವಳನ್ನು ಇಲ್ಲಿಗೆ ಕಳಿಸಿದೆವು. ನಮ್ಮ ಬೀದಿಯಲ್ಲಿ ಸುಮಾರು ಮನೆಗಳ ಕಥೆ ಇದೇ, ಅದಕ್ಕೇ ಸರ್ಕಾರಿ ಶಾಲೆಯಲ್ಲಿ ಎಣಿಸಿದರೆ ಹೆಣ್ಣುಮಕ್ಕಳೇ ಜಾಸ್ತಿ. ಮೊದಲು ಆರ್‌ಟಿಇ ಸೀಟು, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಬಡ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಫೀಸಿಲ್ಲದ ಸೀಟು ಅಂತ ಒಂದು ಆಸೆ ಇತ್ತು, 2019ರಿಂದ ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಸಿಗುವುದಿಲ್ಲ. ಸರಿ, ಸರ್ಕಾರಿ ಶಾಲೆಗೇ ಬನ್ನಿ ಅಂತಾರೆ, ಬಂದೆವು. ಬಂದರೆ ಐದು ಕ್ಲಾಸಿಗೆ ಇಬ್ಬರು ಟೀಚರ್.

ಇದು ಯಾರೋ ಮಾಡಿದ ಮೋಸ ಅಂದುಕೊಂಡಿದ್ದೆ, ಹೆಡ್ ಟೀಚರ್ ಕೂರಿಸಿಕೊಂಡು ಹೇಳಿದ ಮೇಲೆ ಗೊತ್ತಾಯಿತು, ಕಾನೂನೇ ಹಾಗಿದೆಯಂತೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಒಂದರಿಂದ ಐದನೇ ಕ್ಲಾಸಿನವರೆಗೆ 60 ಮಕ್ಕಳ ತನಕ ಇಬ್ಬರು, 61 ಆದರೆ ಮೂವರು. ತಲೆ ಎಣಿಸುತ್ತಾರೆ, ಕ್ಲಾಸು ಎಣಿಸುವುದಿಲ್ಲ. ನಮ್ಮಲ್ಲಿ 58. ಇನ್ನು ಮೂರು ಮಕ್ಕಳನ್ನು ಎಲ್ಲಿಂದ ತರೋಣ ಹೇಳಿ! ಆ ಇಬ್ಬರಲ್ಲೂ ಒಬ್ಬರು ಮತದಾರರ ಪಟ್ಟಿ, ಮೀಟಿಂಗು, ತರಬೇತಿ ಅಂತ ಹೊರಗೆ ಇರುತ್ತಾರೆ. 2025ರ ಜಾತಿ ಸಮೀಕ್ಷೆಗೆ ಟೀಚರುಗಳೇ ಮನೆ ಮನೆ ತಿರುಗಿದರು, ದಸರಾ ರಜೆ ಅಕ್ಟೋಬರ್ 18ರವರೆಗೆ ಹೋಯಿತು. ಮಗನ ಕಾನ್ವೆಂಟು ಅಷ್ಟೊತ್ತಿಗೆ ಶುರುವಾಗಿತ್ತು. ಒಂದೇ ಮನೆಯಲ್ಲಿ ಒಬ್ಬ ಬ್ಯಾಗು ಹಾಕಿಕೊಂಡು ಹೊರಟ, ಇನ್ನೊಬ್ಬಳು ಬಾಗಿಲಲ್ಲಿ ನಿಂತು ನೋಡಿದಳು.

ಹಾಗಂತ ಟೀಚರುಗಳ ಪರ ವಕಾಲತ್ತು ಮಾಡುತ್ತಿಲ್ಲ. "ಈ ಮಕ್ಕಳಿಗೆ ಇಷ್ಟೇ ರೀ ಬರೋದು" ಅಂತ ನನ್ನ ಮುಂದೆಯೇ ಅಂದವರು ಇದ್ದಾರೆ. ನನಗೆ ಮೈಯೆಲ್ಲ ಉರಿಯಿತು. ಯಾಕೆಂದರೆ ಇದೇ ಮಕ್ಕಳು ಮೂರನೇ ಕ್ಲಾಸಿನ ತನಕ ಚೆನ್ನಾಗಿಯೇ ಕಲಿಯುತ್ತಿದ್ದರು. ನಲಿ-ಕಲಿ ಕೋಣೆ ನೋಡಿದ್ದೀರಾ? ಒಂದು, ಎರಡು, ಮೂರು ಒಟ್ಟಿಗೆ ಕೂರುತ್ತವೆ, ಗೋಡೆ ಮೇಲೆ ಕಲಿಕಾ ಏಣಿ ಇರುತ್ತದೆ, ಪ್ರತಿ ಮಗು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಕಾರ್ಡು ಎತ್ತಿಕೊಂಡು ಮುಂದಕ್ಕೆ ಹೋಗುತ್ತದೆ. ಕಾಫಿ ತೋಟದಿಂದ ಬಂದ ಹುಡುಗಿಗೆ ನಾಚಿಕೆ ಇಲ್ಲ, ಅವಳ ಮೆಟ್ಟಿಲು ಅವಳಿಗೆ ಕಾಯುತ್ತಿರುತ್ತದೆ. ಯಾವ ಮಗು ಎಷ್ಟು ಮೇಲೆ ಬಂತು ಅಂತ ಗೋಡೆ ನೋಡಿದರೆ ನನ್ನಂಥವಳಿಗೂ ತಿಳಿಯುತ್ತದೆ. ನಾಲ್ಕನೇ ಕ್ಲಾಸಿಗೆ ಬಂದ ದಿನ ಏಣಿ ಮಾಯ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ, ಹಿಂದೆ ಬಿದ್ದವರು ಹಿಂದೆ ಬಿದ್ದಂಗೇ. ನಾಲ್ಕು, ಐದಕ್ಕೂ ಕನ್ನಡ ಓದು ಮತ್ತು ಲೆಕ್ಕಕ್ಕಾದರೂ ಏಣಿ ಮುಂದುವರಿಸಿ ಅಂತ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿದೆ. ಮೇಲಿಂದ ಆದೇಶ ಬರಬೇಕು ಅಂದರು. ಅರ್ಜಿ ಬರೆದು ಕಚೇರಿಗೆ ಕೊಟ್ಟೆ, ಸೀಲು ಒತ್ತಿ ಕೊಟ್ಟರು, ಅಷ್ಟೇ.

ಪಟ್ಟಿ ಹಾಕಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಪಕ್ಕದ ಚಿತ್ರದುರ್ಗ 2023ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದಿತ್ತು, ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂತು, ಜಿಲ್ಲೆ ಬಹಳ ಕೆಳಗೆ ಹೋಯಿತು. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ಬದಲಾದರಾ? ಅದಕ್ಕೇ ಹೇಳುವುದು, ರ‍್ಯಾಂಕಿನ ಪಕ್ಕದಲ್ಲಿ ಇನ್ನೊಂದು ಕಾಲಂ ಇರಲಿ: ಮಗು ವರ್ಷದ ಶುರುವಿನಲ್ಲಿ ಎಲ್ಲಿತ್ತು, ಎಷ್ಟು ದಿನ ಶಾಲೆಗೆ ಬಂತು, ಕೊನೆಗೆ ಎಲ್ಲಿಗೆ ಮುಟ್ಟಿತು.

ನಿಮ್ಮ ವರದಿಗಾರರು ನಮ್ಮ ಶಾಲೆಗೂ ಬರಲಿ. ಪರೀಕ್ಷೆ ಹೊತ್ತಿನಲ್ಲಿ ಬೇಡ, ಜನವರಿಯಲ್ಲಿ ಬರಲಿ. ಹಾಜರಿ ಪುಸ್ತಕ ಒಂದು ಕೈಯಲ್ಲಿ ಹಿಡಿದುಕೊಂಡು ಬಿಸಿಯೂಟದ ತಟ್ಟೆ ಎಣಿಸಲಿ.

ಇಂತಿ,
ಒಬ್ಬ ತಾಯಿ, ದಾವಣಗೆರೆ