ಹಾಡು ತಡವರಿಸಿದರೆ ಕಂಪ್ಯೂಟರ್ ಬದಲಿಸಬೇಕಿಲ್ಲ

ಮಾನ್ಯ ಸಂಪಾದಕರೇ,

ಹಾಸನದ ತಾಲ್ಲೂಕು ಕಚೇರಿ ಕಡೆ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ಮಕ್ಕಳ ಸ್ಕಾಲರ್‌ಶಿಪ್ ಫಾರಂ ತುಂಬುವುದು, ಇದೇ ದಿನದ ಕೆಲಸ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಕಂಪ್ಯೂಟರ್‌ನಲ್ಲಿ ಹಾಡು ಹಾಕುತ್ತೇನೆ. ಮೊದಲು ದೇವರನಾಮ, ಹತ್ತು ಗಂಟೆ ಮೇಲೆ ಹಳೆಯ ಸಿನಿಮಾ ಹಾಡು. ದುದ್ದ, ಶಾಂತಿಗ್ರಾಮದ ಕಡೆಯಿಂದ ಬಂದು ಬೆಂಚಿನ ಮೇಲೆ ಕಾಯುತ್ತಾ ಕೂತ ಹಿರಿಯರಿಗೆ ಹೊತ್ತು ಹೋಗುತ್ತದೆ, ನನಗೂ ಕೈ ಓಡುತ್ತದೆ. ಆ ಹಾಡಿನಿಂದಲೇ ಶುರುವಾದ ಒಂದು ತಲೆನೋವಿನ ಬಗ್ಗೆ ಬರೆಯುತ್ತಿದ್ದೇನೆ. ಇದು ನನ್ನೊಬ್ಬಳದಲ್ಲ, ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಇದೇ ಕಥೆ ಕೇಳಿದ್ದೇನೆ.

ಹಾಡು ಹಾಕಿಕೊಂಡು ಬ್ರೌಸರ್‌ನಲ್ಲಿ ಒಂದು ಪುಟ ತೆರೆದರೆ ಸಾಕು, ಹಾಡು ತಡವರಿಸುತ್ತಿತ್ತು. ಒಂದೇ ಅಕ್ಷರ ಕಟ್ ಕಟ್ ಅಂತ ನಾಲ್ಕು ಸಲ ಬರುತ್ತಿತ್ತು. ಮೌಸ್ ಬಾಣ ನಿಂತಲ್ಲೇ ನಿಲ್ಲುತ್ತಿತ್ತು. ಗಿರಾಕಿ ಮೊಬೈಲ್ ನೋಡಿ ಓಟಿಪಿ ಹೇಳಿ, ನಾನು ಅದನ್ನು ಹೊಡೆದು, ಪುಟ ತಿರುಗುವಷ್ಟರಲ್ಲಿ ಓಟಿಪಿಯ ಸಮಯವೇ ಮುಗಿದಿರುತ್ತಿತ್ತು. ಹಾಸನಾಂಬೆ ಬಾಗಿಲು ತೆರೆದಿದ್ದ ದಿನಗಳಲ್ಲಂತೂ ಅಂಗಡಿ ತುಂಬ ಜನ ನಿಂತಿರುವಾಗ ಕಂಪ್ಯೂಟರ್ ಪೂರ್ತಿ ಹ್ಯಾಂಗ್ ಆಗಿ, ಅದನ್ನು ಆಫ್ ಮಾಡಿ ಆನ್ ಮಾಡಲು ಎಂಟು ನಿಮಿಷ ಹಿಡಿಯಿತು. ಒಬ್ಬ ಅಜ್ಜಿ ಬಸ್ ತಪ್ಪುತ್ತದೆ ಅಂತ ಅರ್ಜಿ ಹಾಕದೇ ಎದ್ದು ಹೋದರು. ಅವತ್ತು ನನಗೆ ನಿಜಕ್ಕೂ ಬೇಜಾರಾಯಿತು.

ರಿಪೇರಿಯವರನ್ನು ಕರೆಸಿದೆ. ಐದು ನಿಮಿಷ ನೋಡಿ, "ಮೇಡಂ, ಇದು 2017ರದ್ದು, ಹೊಸದು ತಗೊಳ್ಳಿ, ಅಲ್ಲಿವರೆಗೆ ಹಾಡು ಹಾಕಬೇಡಿ" ಅಂದರು. ಯಾಕೆ ನಿಧಾನ ಆಗುತ್ತಿದೆ ಅಂತ ಕೇಳಿದೆ. "ಹಳೇದಲ್ವಾ" ಅಂದರು, ಅಷ್ಟೇ. ಇದು ನನಗೆ ಉತ್ತರ ಅನ್ನಿಸಲಿಲ್ಲ. ಬೈಕ್ ಎಳೆಯುತ್ತಿಲ್ಲ ಅಂತ ಗ್ಯಾರೇಜಿಗೆ ಹೋದರೆ ಪ್ಲಗ್ ಬಿಚ್ಚಿ ನೋಡದೇ ಗಾಡಿ ಮಾರಿ ಅನ್ನುತ್ತಾರೆಯೇ?

ಆಮೇಲೆ ಪಿಯುಸಿ ಓದುವ ನನ್ನ ಮಗಳೂ ನಾನೂ ಸೇರಿ ದಿನಾ ರಾತ್ರಿ ಕೂತು ಒಂದೊಂದೇ ಪರೀಕ್ಷೆ ಮಾಡಿ ನೋಡಿದೆವು. ಹಾಗೆ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದಾಗಿ, ತೊಂದರೆ ನೆಟ್‌ನಲ್ಲಿದೆಯೋ ಕಂಪ್ಯೂಟರ್‌ನಲ್ಲಿದೆಯೋ ಗೊತ್ತಾಗಬೇಕು. ಅದು ಬಹಳ ಸುಲಭ. ಕಂಪ್ಯೂಟರ್‌ನಲ್ಲೇ ಉಳಿಸಿಕೊಂಡ ಒಂದು ಎಂಪಿ3 ಹಾಡು ಹಾಕಿ. ಅದು ಸರಾಗವಾಗಿ ಹೋಗಿ, ನೆಟ್‌ನಿಂದ ಬರುವ ಹಾಡು ಮಾತ್ರ ಚಕ್ರ ಸುತ್ತುತ್ತಾ ನಿಂತರೆ ತೊಂದರೆ ಹೆಚ್ಚಾಗಿ ನೆಟ್‌ನದು. ಒಳಗಿನ ಹಾಡೂ ತಡವರಿಸಿದರೆ ತೊಂದರೆ ಕಂಪ್ಯೂಟರ್‌ನದು, ಆಗ ನೆಟ್ ಪ್ಲಾನ್ ಬದಲಿಸಿ ಸುಮ್ನೆ ದುಡ್ಡು ಕಳೆಯಬೇಡಿ. ನಮ್ಮಲ್ಲಿ ಒಳಗಿನ ಹಾಡೂ ತಡವರಿಸುತ್ತಿತ್ತು.

ಆದರೆ ಹಾಡು ನುಡಿಸುವುದು ಕಂಪ್ಯೂಟರ್‌ಗೆ ದೊಡ್ಡ ಕೆಲಸವೇ ಅಲ್ಲ! 128 ಕೆಬಿಪಿಎಸ್‌ನ, ಅಂದರೆ ಸಾಧಾರಣ ಗುಣಮಟ್ಟದ ಎಂಪಿ3 ಹಾಡು ನಿಮಿಷಕ್ಕೆ ಸುಮಾರು 1 ಎಂಬಿ ಅಷ್ಟೇ. ಇಪ್ಪತ್ತೈದು ವರ್ಷ ಹಿಂದಿನ ಕಂಪ್ಯೂಟರ್‌ಗಳೇ ಅದನ್ನು ಆರಾಮಾಗಿ ನುಡಿಸುತ್ತಿದ್ದವು. ಹಾಗಾದರೆ ಹಾಡೇ ಯಾಕೆ ಮೊದಲು ಕೆಡುತ್ತದೆ? ಮುಂದಿನ ಒಂದು ಚೂರು ಹಾಡನ್ನು ಕಂಪ್ಯೂಟರ್ ಬಫರ್ ಅನ್ನುವ ಪುಟ್ಟ ಜಾಗದಲ್ಲಿ ತುಂಬಿಸಿ ಇಟ್ಟಿರುತ್ತದೆ. ನಲ್ಲಿ ಯಾವಾಗಲೂ ತೆರೆದೇ ಇರುವ ತೊಟ್ಟಿ ಅಂದುಕೊಳ್ಳಿ. ಸಿಡಿ ಗುಣಮಟ್ಟದ ಹಾಡಿನಲ್ಲಿ ಸೆಕೆಂಡಿಗೆ 44,100 ಸಲ ಅಳೆದ ಸದ್ದು ಇರುತ್ತದೆ, ಅಷ್ಟನ್ನೂ ಹೊತ್ತಿಗೆ ಸರಿಯಾಗಿ ಕೊಡುತ್ತಲೇ ಇರಬೇಕು. ಕಂಪ್ಯೂಟರ್ ಬೇರೆ ಕಡೆ ಸಿಕ್ಕಿಹಾಕಿಕೊಂಡು ತೊಟ್ಟಿ ಒಂದು ಗಳಿಗೆ ಬರಿದಾದರೂ ಕಿವಿಗೆ ಗೊತ್ತಾಗಿಬಿಡುತ್ತದೆ. ಪುಟ ಅರ್ಧ ಸೆಕೆಂಡ್ ತಡವಾಗಿ ತೆರೆದರೆ ನಾವು ಗಮನಿಸುವುದೂ ಇಲ್ಲ, ಅಲ್ವಾ? ಅಂದರೆ ಹಾಡು ಕಾಯಿಲೆ ತಂದದ್ದಲ್ಲ, ಇದ್ದ ಕಾಯಿಲೆಯನ್ನು ಮೊದಲು ಕೇಳಿಸಿದ್ದು ಹಾಡು. ಹಾಡು ನಿಲ್ಲಿಸಿದ್ದರೆ ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ, ಓಟಿಪಿ ಮಾತ್ರ ತಪ್ಪುತ್ತಲೇ ಇರುತ್ತಿತ್ತು.

ಕಾಯಿಲೆ ಕಾಣಿಸಿದ್ದು ಟಾಸ್ಕ್ ಮ್ಯಾನೇಜರ್‌ನಲ್ಲಿ, ಅಂದರೆ ಯಾವ ಪ್ರೋಗ್ರಾಂ ಎಷ್ಟು ಮೆಮೊರಿ, ಡಿಸ್ಕ್ ಬಳಸುತ್ತಿದೆ ಅಂತ ತೋರಿಸುವ ವಿಂಡೋಸ್‌ನ ಕಿಟಕಿಯಲ್ಲಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. ಹಾಡು ತಡವರಿಸುವ ಹೊತ್ತಿಗೇ ಅದನ್ನು ನೋಡಬೇಕು, ಆಮೇಲೆ ನೋಡಿದರೆ ಏನೂ ತಿಳಿಯುವುದಿಲ್ಲ. ನಮ್ಮದರಲ್ಲಿ ಪ್ರೊಸೆಸರ್ 30 ಶೇಕಡಾ ಕೂಡ ದಾಟಿರಲಿಲ್ಲ. ಮೆಮೊರಿ 94 ಶೇಕಡಾ, ಡಿಸ್ಕ್ 100 ಶೇಕಡಾ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು.

ನಮ್ಮ ಕಂಪ್ಯೂಟರ್‌ನಲ್ಲಿ ಇದ್ದದ್ದು ತೆರೆದ ಕೆಲಸಗಳನ್ನು ಇಟ್ಟುಕೊಳ್ಳುವ 4 ಜಿಬಿ ಮೆಮೊರಿ, ಅಂದರೆ ರ‍್ಯಾಮ್. ಈಗಿನ ಬ್ರೌಸರ್‌ಗಳು ಹೆಚ್ಚುಕಡಿಮೆ ಪ್ರತಿ ಟ್ಯಾಬನ್ನೂ ಬೇರೆ ಬೇರೆ ಪ್ರೋಗ್ರಾಂ ಇದ್ದ ಹಾಗೆ ನಡೆಸುತ್ತವೆ. ಒಂದು ಟ್ಯಾಬ್ ಕೆಟ್ಟರೆ ಉಳಿದವು ಉಳಿಯಲಿ, ಒಂದರ ಗುಟ್ಟು ಇನ್ನೊಂದಕ್ಕೆ ಸಿಗದಿರಲಿ ಅಂತ ಹಾಗೆ ಮಾಡಿದ್ದಾರೆ. ಅದು ಒಳ್ಳೆಯದೇ, ಆದರೆ ಮೆಮೊರಿ ಜಾಸ್ತಿ ತಿನ್ನುತ್ತದೆ. ನಾನು ಬೆಳಿಗ್ಗೆಯಿಂದ ಸಂಜೆವರೆಗೆ ತೆರೆದ ಟ್ಯಾಬುಗಳನ್ನು ಮುಚ್ಚುತ್ತಲೇ ಇರಲಿಲ್ಲ, ಎಣಿಸಿದರೆ 31 ಇದ್ದವು. ರ‍್ಯಾಮ್ ತುಂಬಿದಾಗ ವಿಂಡೋಸ್ ಅದರಲ್ಲಿದ್ದದ್ದನ್ನು ಹಾರ್ಡ್ ಡಿಸ್ಕ್‌ಗೆ ಇಳಿಸುತ್ತದೆ, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತದೆ. ಕೌಂಟರ್ ಮೇಲೆ ಜಾಗ ಇಲ್ಲದೆ ಫೈಲುಗಳನ್ನು ಅಟ್ಟಕ್ಕೆ ಹಾಕಿ, ಪ್ರತಿ ಗಿರಾಕಿಗೂ ಏಣಿ ಹತ್ತಿ ಇಳಿದ ಹಾಗೆ. ಹಾರ್ಡ್ ಡಿಸ್ಕ್ ಅಂದರೆ ನಿಮಿಷಕ್ಕೆ 5,400 ಅಥವಾ 7,200 ಸಲ ತಿರುಗುವ ತಟ್ಟೆ, ಅದರ ಮೇಲೆ ಓಡಾಡುವ ಒಂದು ಮುಳ್ಳು. ಆ ಮುಳ್ಳು ಪಾಪ ಎಷ್ಟು ಕಡೆ ಅಂತ ಓಡೀತು?

ದುಡ್ಡು ಖರ್ಚಿಲ್ಲದ ಕೆಲಸಗಳನ್ನು ಮೊದಲು ಮಾಡಿದೆವು. ಅರ್ಜಿ ಮುಗಿದ ಕೂಡಲೇ ಟ್ಯಾಬ್ ಮುಚ್ಚುವುದು ರೂಢಿ ಮಾಡಿಕೊಂಡೆ. ಬಳಸದ ಟ್ಯಾಬ್‌ಗಳನ್ನು ಮಲಗಿಸಿಡುವ ಸೌಲಭ್ಯ ಕ್ರೋಮ್, ಎಡ್ಜ್ ಎರಡರಲ್ಲೂ ಇದೆ, ಅದನ್ನು ಆನ್ ಮಾಡಿದೆವು. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಯಾವ ಟ್ಯಾಬ್ ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ಬೇರೆಯದೇ ಪಟ್ಟಿ ಬರುತ್ತದೆ. ಅದರಲ್ಲಿ ನಾವು ಯಾವತ್ತೂ ಹಾಕಿಕೊಂಡ ನೆನಪಿಲ್ಲದ ಎರಡು ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರ್‌ಗೆ ಅಂಟಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು ಕಂಡವು, ತೆಗೆದು ಹಾಕಿದೆವು. ಕಂಪ್ಯೂಟರ್ ಆನ್ ಆಗುವಾಗಲೇ ತಾನಾಗಿ ಎದ್ದು ಕೂರುವ ಪ್ರೋಗ್ರಾಂಗಳ ಪಟ್ಟಿ ಟಾಸ್ಕ್ ಮ್ಯಾನೇಜರ್‌ನಲ್ಲೇ ಸ್ಟಾರ್ಟಪ್ ಅನ್ನುವ ಕಡೆ ಇರುತ್ತದೆ. ನಮ್ಮದರಲ್ಲಿ ಹನ್ನೊಂದು ಇದ್ದವು, ಬೇಕಾದದ್ದು ಮೂರು. ಎರಡು ಆ್ಯಂಟಿವೈರಸ್ ಒಟ್ಟಿಗೆ ಓಡುತ್ತಿದ್ದರೂ ಹೀಗೇ ಆಗುತ್ತದೆ, ಒಂದು ಸಾಕು. ಒಂದೇ ಕ್ಲಿಕ್‌ನಲ್ಲಿ ಕಂಪ್ಯೂಟರ್ ವೇಗ ಮಾಡುತ್ತೇವೆ ಅನ್ನುವ ಕ್ಲೀನರ್, ಬೂಸ್ಟರ್‌ಗಳ ಸಹವಾಸ ಮಾತ್ರ ಬೇಡ. ಅವೂ ಕೂತು ಮೆಮೊರಿ ತಿನ್ನುತ್ತವೆ.

ಇನ್ನೊಂದು ತಪ್ಪು ಬಹಳ ಜನ ಮಾಡುತ್ತಾರೆ, ನಾನೂ ಮಾಡುತ್ತಿದ್ದೆ. ಹಾಡು ಕೇಳಲಿಕ್ಕೆ ವಿಡಿಯೊ ಹಾಕುವುದು. ವಿಡಿಯೊ ಹಿಂದಿನ ಟ್ಯಾಬ್‌ನಲ್ಲಿದೆ, ಯಾರೂ ನೋಡುತ್ತಿಲ್ಲ, ಆದರೂ ನೆಟ್‌ನಿಂದ ದೊಡ್ಡ ಚಿತ್ರ ಬರುತ್ತಲೇ ಇರುತ್ತದೆ. ಎರಡು ಕಿಟಕಿ ಪಕ್ಕ ಪಕ್ಕ ಇಟ್ಟುಕೊಂಡವರಿಗಂತೂ ಕಂಪ್ಯೂಟರ್ ಆ ಚಿತ್ರವನ್ನು ಪೂರ್ತಿ ಬಿಡಿಸಿ ತೋರಿಸಲೇಬೇಕು. ಈಗಿನ ವಿಡಿಯೊಗಳು ವಿಪಿ9, ಎವಿ1 ಅನ್ನುವ ಹೊಸ ಬಗೆಯಲ್ಲಿ ಬರುತ್ತವೆ. ಅವನ್ನು ಬಿಡಿಸುವ ಏರ್ಪಾಡು ಎಷ್ಟೋ ಹಳೆಯ ಚಿಪ್‌ಗಳಲ್ಲಿ ಇಲ್ಲ, ಹಾಗಾಗಿ ಆ ಭಾರ ಎಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ವಿಡಿಯೊದ ಗುಣಮಟ್ಟವನ್ನು 144ಪಿಗೆ ಇಳಿಸಿ ನೋಡಿ, ಹಗುರವಾಗುತ್ತದೆ. ಅದಕ್ಕಿಂತ ಹಾಡು ಮಾತ್ರ ಬರುವ ಆ್ಯಪ್, ಇಲ್ಲವೇ ಡಿಸ್ಕ್‌ನಲ್ಲಿರುವ ಹಾಡನ್ನು ವಿಎಲ್‌ಸಿಯಂಥ ಹಗುರವಾದ ಪ್ಲೇಯರ್‌ನಲ್ಲಿ ಹಾಕುವುದು ಇನ್ನೂ ಒಳ್ಳೆಯದು. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಚಿತ್ರ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ಹಾರ್ಡ್‌ವೇರ್ ಆಕ್ಸಲರೇಶನ್ ಅಂತ ಒಂದು ಆಯ್ಕೆ ಇರುತ್ತದೆ. ಸಾಮಾನ್ಯವಾಗಿ ಆನ್ ಇದ್ದರೇ ಒಳ್ಳೆಯದು, ಆದರೆ ಆ ಚಿಪ್ ನಡೆಸುವ ಸಾಫ್ಟ್‌ವೇರ್, ಅಂದರೆ ಗ್ರಾಫಿಕ್ಸ್ ಡ್ರೈವರ್ ಹಳೆಯದಾಗಿದ್ದರೆ ಅದೇ ತೊಂದರೆ ಕೊಡುವುದೂ ಉಂಟು. ಎರಡೂ ಥರ ಮಾಡಿ ನೋಡಿ.

ಎಲ್ಲರ ಕಾಯಿಲೆ ಒಂದೇ ಅಲ್ಲ. ಮೂಡಿಗೆರೆ ಹತ್ತಿರ ನನ್ನ ತಂಗಿಯ ಮನೆ. ಅವಳ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಅನ್ನುವ ಹೊಸ ಬಗೆಯ ವೇಗದ ಡಿಸ್ಕ್ ಎಲ್ಲ ಇದೆ, ಆದರೂ ಪುಟ ತೆರೆದರೆ ಹಾಡು ಮುರಿಯುತ್ತಿತ್ತು. ಟಾಸ್ಕ್ ಮ್ಯಾನೇಜರ್ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ಕೊನೆಗೆ ನೋಡಿದರೆ ಅವಳು ಹಾಡು ಕೇಳುತ್ತಿದ್ದದ್ದು ಬ್ಲೂಟೂತ್ ಸ್ಪೀಕರ್‌ನಲ್ಲಿ. ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್ ಅಲೆಗಳಲ್ಲಿ, ಅವಳ ವೈಫೈ ಕೂಡ ಅದೇ ಅಲೆಗಳಲ್ಲಿತ್ತು. ಪುಟ ಇಳಿಯಲು ಶುರುವಾದರೆ ಎರಡಕ್ಕೂ ಜಗಳ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದ ಮೇಲೆ ಸರಿಹೋಯಿತು. ಆ ಸೌಲಭ್ಯ ಇಲ್ಲದವರು ಸ್ಪೀಕರ್‌ಗೆ ವೈರ್ ಹಾಕಿದರೂ ಆಯಿತು. ಅವಳಿಗೆ ಇನ್ನೊಂದು ತೊಂದರೆಯೂ ಇತ್ತು. ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಹೋದರೆ ಬರುವುದು ಯಾವಾಗಲೋ. ಕರೆಂಟ್ ಹೋದ ಕೂಡಲೇ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ಪ್ರೊಸೆಸರ್ ವೇಗ ತಗ್ಗಿಸುತ್ತಿತ್ತು. ಅವಳು ಅದನ್ನು ವೈರಸ್ ಅಂದುಕೊಂಡಿದ್ದಳು.

ದೂಳು ಕೂಡ ಮರೆಯಬೇಡಿ. ನಮ್ಮ ಅಂಗಡಿ ರಸ್ತೆಗೇ ಇದೆ, ಸಿಪಿಯು ಡಬ್ಬಿ ಬಿಚ್ಚಿದಾಗ ಫ್ಯಾನಿಗೆ ಕಂಬಳಿ ಹೊದಿಸಿದ ಹಾಗೆ ದೂಳು ಕೂತಿತ್ತು. ಪ್ರೊಸೆಸರ್ ಕಾದರೆ ಸುಟ್ಟುಹೋಗದಿರಲಿ ಅಂತ ತಾನೇ ನಿಧಾನವಾಗುತ್ತದೆ. ಪ್ಲಗ್ ಕಿತ್ತು, ಮೆತ್ತನೆ ಬ್ರಷ್‌ನಲ್ಲಿ ತೆಗೆದೆವು.

ಇಷ್ಟು ಮಾಡಿದ ಮೇಲೆ ಮುಕ್ಕಾಲು ಪಾಲು ಸರಿಯಾಯಿತು. ಉಳಿದದ್ದಕ್ಕೆ ದುಡ್ಡು ಹಾಕಿದೆ. 4 ಜಿಬಿಗೆ ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಿದೆ, ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಮುಳ್ಳು ಓಡಾಡುವ ಮಾತೇ ಇಲ್ಲ. ಆನ್ ಆಗಲು ಎಂಟು ನಿಮಿಷ ಹಿಡಿಯುತ್ತಿದ್ದದ್ದು ಈಗ ಅರ್ಧ ನಿಮಿಷ. ರ‍್ಯಾಮ್ ಕೊಳ್ಳುವವರು ಒಂದು ಮಾತು ನೆನಪಿಡಿ: ಹಳೆಯ ಬಗೆಯ ಡಿಡಿಆರ್3 ಜಾಗಕ್ಕೆ ಹೊಸ ಬಗೆಯ ಡಿಡಿಆರ್4 ಕೂರುವುದಿಲ್ಲ, ಲ್ಯಾಪ್‌ಟಾಪ್‌ನದು ಡೆಸ್ಕ್‌ಟಾಪ್‌ಗೆ ಬರುವುದಿಲ್ಲ. ಅಂಗಡಿಗೆ ಹಳೆಯದನ್ನೇ ಬಿಚ್ಚಿ ತೆಗೆದುಕೊಂಡು ಹೋಗಿ. ಎಲ್ಲ ಸೇರಿ ನನಗೆ ಆದ ಖರ್ಚು ಹೊಸ ಕಂಪ್ಯೂಟರ್ ಬೆಲೆಯ ಕಾಲುಭಾಗವೂ ಅಲ್ಲ.

ರಿಪೇರಿಯವರ ಪರವಾಗಿಯೂ ಒಂದು ಮಾತು ಹೇಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ (ಸುರಕ್ಷತೆಯ ಅಪ್‌ಡೇಟ್ ಕೂಡ ಅದರಲ್ಲೇ ಸೇರಿತ್ತು) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತೆಯ ಚಿಪ್ ಬೇಕು, ಪ್ರೊಸೆಸರ್ ಕೂಡ ಅವರ ಪಟ್ಟಿಯಲ್ಲಿರಬೇಕು, ನನ್ನದು ಆ ಪಟ್ಟಿಯಲ್ಲಿಲ್ಲ. ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡು ಕೆಲಸ ಮಾಡುವ ನಮ್ಮಂಥವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹಾಗಾಗಿ ಅರ್ಜಿ ಹಾಕುವ ಕೆಲಸಕ್ಕೆ ಅದೇ ಡಬ್ಬಿಯಲ್ಲಿ ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡಿದ್ದೇವೆ, ಅದು ಉಚಿತ, ಸುರಕ್ಷತೆಯ ಅಪ್‌ಡೇಟ್ ಬರುತ್ತಲೇ ಇರುತ್ತದೆ. ಕನ್ನಡ ಟೈಪಿಂಗ್ ಹೊಂದಿಸಿಕೊಳ್ಳಲು ಎರಡು ದಿನ ಹಿಡಿಯಿತು. ಹೊಸದು ಕೊಳ್ಳಲು ಇದು ಸರಿಯಾದ ಕಾರಣವೇ ಇರಬಹುದು, ಆದರೆ ರಿಪೇರಿಯವರು ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು. ಅದಕ್ಕೂ ಹಾಡು ತಡವರಿಸುವುದಕ್ಕೂ ಸಂಬಂಧವೇ ಇಲ್ಲ.

ನಮ್ಮ ಜಿಲ್ಲೆಯ ರಿಪೇರಿ ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ಹೊಸದು ತಗೊಳ್ಳಿ ಅನ್ನುವ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ಗಿರಾಕಿಗೆ ತೋರಿಸಿ. ಮೆಮೊರಿ ಇಷ್ಟು, ಡಿಸ್ಕ್ ಇಷ್ಟು, ಇದಕ್ಕೆ ಇಂಥ ಮದ್ದು, ಇಷ್ಟು ಖರ್ಚು ಅಂತ ಹೇಳಿ. ಆಮೇಲೆ ಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು. ಕಾಫಿ ಕೊಯ್ಲಿನ ದುಡ್ಡು ಕೂಡಿಟ್ಟು ಮಗಳಿಗೆ ಲ್ಯಾಪ್‌ಟಾಪ್ ತೆಗೆಸಿಕೊಟ್ಟವರು ಇದ್ದಾರೆ, ಅವರಿಗೆ ನಾಲ್ಕೇ ವರ್ಷಕ್ಕೆ ಇದು ಹಳೇದು ಅನ್ನುವುದು ಸರಿಯಲ್ಲ.

ನಿಮ್ಮಲ್ಲೂ ಒಂದು ಕೋರಿಕೆ, ಸಂಪಾದಕರೇ. ಇಂಥ ವಿಷಯವನ್ನು ಕನ್ನಡದಲ್ಲಿ, ಚಿತ್ರ ಹಾಕಿ, ವಾರಕ್ಕೆ ಅರ್ಧ ಕಾಲಂ ಆದರೂ ಕೊಡಿ. ತೆರೆಯ ಮೇಲೆ ಬರುವ ಎಚ್ಚರಿಕೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ, ಓದಲು ಹೆದರಿ ಜನ ಸೀದಾ ಪ್ಲಗ್ ಕೀಳುತ್ತಾರೆ. ಅಲ್ಲಿವರೆಗೆ ಯಾರಾದರೂ ನಮ್ಮ ಅಂಗಡಿಗೆ ಲ್ಯಾಪ್‌ಟಾಪ್ ತಂದು ಕೇಳಿದರೆ ಕೂರಿಸಿಕೊಂಡು ತೋರಿಸಿಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ. ಸಂಜೆ ಆರರ ಮೇಲೆ ಬಂದರೆ ಅನುಕೂಲ, ಆಗ ಅರ್ಜಿಯವರು ಕಡಿಮೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ಹಾಸನ