ಮುಳುಗಿದ ಬ್ರೂಕ್ಲಿನ್ ಮತ್ತು ನಿನ್ನ ತೆಂಗಿನ ಮರ

ಮಾರಾಯ,

ನೀನು ಕಳಿಸಿದ ಫೋಟೊ ನೋಡಿದೆ. ಬೇರು ಹೊರಬಿದ್ದು ಕಡಲಿಗೆ ವಾಲಿದ ತೆಂಗಿನ ಮರ, ಹಿಂದೆ ಸಂಜೆಯ ಕೆಂಪು. ಚೆಂದ ಬಂದಿದೆ. ಆದರೆ ಕಡಲ್ಕೊರೆತ ತಡೆಯೋಕೆ ಅಂತ ಸುರಿದ ಬಂಡೆಗಳು ಅಲ್ಲೇ ಪಕ್ಕದಲ್ಲಿದ್ದವಲ್ಲ, ಫೋಟೊದಲ್ಲಿ ಅವೆಲ್ಲಿ ಹೋದವು?

ಇದನ್ನು ಕೇಳೋಕೆ ಕಾರಣ ಅಲೆಕ್ಸಿಸ್ ರಾಕ್‌ಮನ್. ನ್ಯೂಯಾರ್ಕಿನ ಚಿತ್ರಕಾರ. 2011ರ ಚಳಿಗಾಲದಲ್ಲಿ ವಾಷಿಂಗ್ಟನ್‌ನಲ್ಲಿದ್ದಾಗ ಸ್ಮಿತ್‌ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂ ಹೊಕ್ಕಿದ್ದೆ. ಕಲೆಯ ಮೇಲಿನ ಪ್ರೀತಿಗಲ್ಲ, ಹೊರಗೆ ಚಳಿ, ಒಳಗೆ ಟಿಕೆಟ್ ಇಲ್ಲ! ಅಲ್ಲಿ ಆತನ 'ಮ್ಯಾನಿಫೆಸ್ಟ್ ಡೆಸ್ಟಿನಿ' ಇತ್ತು. 2004ರ ಚಿತ್ರ. 24 ಅಡಿ ಅಗಲ, 8 ಅಡಿ ಎತ್ತರ. ನ್ಯೂಯಾರ್ಕ್ ನಗರದ ಭಾಗವಾದ ಬ್ರೂಕ್ಲಿನ್, ಮೂರು ಸಾವಿರ ವರ್ಷ ಮುಂದಿನದು. ಕಡಲು ಏರಿದೆ, ಸೇತುವೆ ಮುರಿದು ನಿಂತಿದೆ. ಅಕ್ವೇರಿಯಂ ಗಾಜಿನ ಹಾಗೆ ನೀರಿನ ಮೇಲೂ ಕಾಣುತ್ತದೆ, ಕೆಳಗೂ ಕಾಣುತ್ತದೆ. ಮೀನುಗಳಿವೆ, ಹಕ್ಕಿಗಳಿವೆ. ಮನುಷ್ಯ ಒಬ್ಬನೂ ಇಲ್ಲ. ಆಕಾಶ ಮಾತ್ರ ಕಿತ್ತಳೆ ಬಣ್ಣದಲ್ಲಿ ಜಗಜಗ ಹೊಳೆಯುತ್ತಿದೆ.

ಆ ಹೊಳಪಿನಲ್ಲೇ ಕುಟುಕು ಇರೋದು. ಪಶ್ಚಿಮಕ್ಕೆ ಹರಡಿಕೊಳ್ಳುವುದು ದೇವರೇ ತಮ್ಮ ಹಣೆಯಲ್ಲಿ ಬರೆದದ್ದು ಎಂದು 19ನೇ ಶತಮಾನದ ಅಮೆರಿಕದವರು ನಂಬಿದ್ದರು. ಆ ನಂಬಿಕೆಯ ಹೆಸರೇ ಮ್ಯಾನಿಫೆಸ್ಟ್ ಡೆಸ್ಟಿನಿ. ಆಗಿನ ಚಿತ್ರಕಾರರು ಕಾಡು, ಕಣಿವೆಗಳ ಮೇಲೆ ಇಂಥದ್ದೇ ಬಂಗಾರದ ಬೆಳಕು ಸುರಿದಿದ್ದರು. ಈತ ಅದೇ ಬೆಳಕನ್ನು ಮುಳುಗಿದ ಊರಿನ ಮೇಲೆ ಹಾಕಿದ್ದಾನೆ. ಯಾವ ಪಕ್ಷದ ಹೆಸರೂ ಇಲ್ಲ, ಘೋಷಣೆಯೂ ಇಲ್ಲ.

ಆತನ ತಾಯಿ ನ್ಯೂಯಾರ್ಕಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದರು. ಗಾಜಿನ ಹಿಂದಿನ ಸತ್ತ ಪ್ರಾಣಿಗಳನ್ನು ನೋಡುತ್ತಲೇ ಹುಡುಗ ಬೆಳೆದ. ಹಾಗಾಗಿಯೋ ಏನೋ, ಪ್ರತಿ ಮೀನನ್ನೂ ಪಾಠದ ಪುಸ್ತಕಕ್ಕೆ ಬರೆದಷ್ಟು ನಿಖರವಾಗಿ ಬರೆಯುತ್ತಾನೆ. 2000ದಲ್ಲಿ ಬರೆದ 'ದ ಫಾರ್ಮ್' ನನಗೆ ಅಷ್ಟು ಹಿಡಿಸಲಿಲ್ಲ. ಮನುಷ್ಯ ತಳಿ ತಿದ್ದಿ ಮಾಡಿದ ಪೆಟ್ಟಿಗೆಯಂಥ ಹಸು, ಜಾಸ್ತಿ ರೆಕ್ಕೆಯ ಕೋಳಿ. ವ್ಯಂಗ್ಯಚಿತ್ರದ ಹಾಗೆ ಒಂದೇ ನೋಟಕ್ಕೆ ಮುಗಿದುಬಿಡುತ್ತದೆ. ನನಗಿಷ್ಟ ಆತನ ಮಣ್ಣಿನ ಚಿತ್ರಗಳು. ಒಂದು ಜಾಗಕ್ಕೆ ಹೋಗಿ, ಅಲ್ಲಿನ ಮಣ್ಣು, ಮರಳನ್ನೇ ಬಣ್ಣ ಮಾಡಿಕೊಂಡು ಅಲ್ಲಿನ ಪ್ರಾಣಿಯನ್ನು ಬರೆಯುತ್ತಾನೆ. ಅಮೆರಿಕ-ಕೆನಡಾ ನಡುವಿನ ದೊಡ್ಡ ಸರೋವರಗಳಾದ ಗ್ರೇಟ್ ಲೇಕ್ಸ್ ದಂಡೆಯಲ್ಲಿ ಹೀಗೆ ಎಷ್ಟೋ ಬರೆದ.

ನಾಳೆ ಬೆಳಿಗ್ಗೆ ಇನ್ನೊಂದು ಫೋಟೊ ತೆಗಿ ಮಾರಾಯ. ಎರಡು ಹೆಜ್ಜೆ ಹಿಂದೆ ನಿಂತುಕೋ, ಬಂಡೆಗಳೂ ಬರಲಿ. ಮರ ಅಷ್ಟರೊಳಗೆ ಬಿದ್ದಿದ್ದರೆ, ಬಿದ್ದದ್ದನ್ನೇ ತೆಗೆದು ಕಳಿಸು.

ನಿನ್ನ
ಹಳೆಯ ಬೆಂಚಿನ ಗೆಳೆಯ