ತೋಳಿಗಿಂತ ಕಣ್ಣು ಮುಖ್ಯ

ಮಾನ್ಯ ಸಂಪಾದಕರೇ,

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಟಗಾರನನ್ನು (ದಾಳಿಯನ್ನು ಮುನ್ನಡೆಸಿ, ಚೆಂಡನ್ನು ಕೈಯಿಂದ ಸಹ ಆಟಗಾರರಿಗೆ ಎಸೆಯುವವನನ್ನು) ತೋಳಿನ ಬಲದಿಂದಷ್ಟೇ ಅಳೆಯುವುದು ಸರಿಯಲ್ಲ. 2018ರ ಜನವರಿ 8ರಂದು ಅಟ್ಲಾಂಟಾದಲ್ಲಿ ನಡೆದ ರಾಷ್ಟ್ರೀಯ ಫೈನಲ್‌ನಲ್ಲಿ, ಅಲಬಾಮಾ ವಿಶ್ವವಿದ್ಯಾಲಯದ ತಂಡ 13 ಅಂಕ ಹಿಂದಿದ್ದಾಗ ವಿರಾಮದ ನಂತರ ಕಣಕ್ಕಿಳಿದ ಅದರ ಕ್ವಾರ್ಟರ್‌ಬ್ಯಾಕ್, ಮೊದಲ ವರ್ಷದ ವಿದ್ಯಾರ್ಥಿ ಟುವಾ ಟಾಗೊವೈಲೋವಾ, ಹೆಚ್ಚುವರಿ ಅವಧಿಯಲ್ಲಿ ಚೆಂಡನ್ನು ಹೊರಗೆಸೆದು ಪಾರಾಗುವ ಬದಲು ಕೈಯಲ್ಲೇ ಹಿಡಿದುಕೊಂಡು ಎದುರಾಳಿ ಜಾರ್ಜಿಯಾದವರಿಗೆ ಸಿಕ್ಕಿಬಿದ್ದು 16 ಗಜದಷ್ಟು ನೆಲ ಕಳೆದುಕೊಂಡರು. ಅದು ಅನನುಭವದ ತಪ್ಪೇ ಸರಿ. ಆದರೆ ಮರುಯತ್ನದಲ್ಲೇ, ನೋಟವನ್ನು ಬೇರೆಡೆ ನೆಟ್ಟು ಹಿಂಬದಿಯ ರಕ್ಷಕನನ್ನು ಯಾಮಾರಿಸಿ (ಟಿ.ವಿ. ಮುಂದಿದ್ದ ನಾನೂ ಮೋಸಹೋದೆ), ಎಡಬದಿಯಲ್ಲಿ ಓಡುತ್ತಿದ್ದ ಸಹ ಆಟಗಾರ ಡೆವೊಂಟಾ ಸ್ಮಿತ್‌ಗೆ 41 ಗಜದ ಪಾಸ್ ಎಸೆದು ತಂಡವನ್ನು 26–23ರಿಂದ ಗೆಲ್ಲಿಸಿದರು. ಅಂಕಿಪಟ್ಟಿಯಲ್ಲಿ ಆ ಕಣ್ಣೋಟಕ್ಕೆ ಜಾಗವಿಲ್ಲ. ನಿಮ್ಮ ಕ್ರೀಡಾಪುಟದಲ್ಲಿ ಅಂಕಗಳ ಜೊತೆಗೆ ಇಂಥ ನಿರ್ಧಾರಗಳ ವಿವರಣೆಯೂ ಬರಲೆಂದು ಕೋರುತ್ತೇನೆ.

– ಓರ್ವ ಓದುಗ, ಮೈಸೂರು